ಸಹಿ ಮೇಲಿನ ಗೆರೆಯಲ್ಲಿ

ಜುಲೈ ೧೯, ಶನಿವಾರ

ಅಮ್ಮನಿಗೆ ನಿನ್ನ ಬುಗುರಿ ಮಾಡುವ ನಮಸ್ಕಾರಗಳು.

ನಾನು ಕ್ಷೇಮ. ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತುವಾಗ ಇನ್ನೂ ಗೋಡೆ ಹಿಡಿದುಕೊಳ್ಳುತ್ತೀಯಾ? ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಸುಮ್ಮನಿದ್ದುಬಿಟ್ಟೆ, ತಪ್ಪಾಯಿತು. ಕೆಲಸ ಜಾಸ್ತಿ ಇತ್ತು ಎಂದು ಬರೆಯಬಹುದಿತ್ತು. ಕೆಲಸ ಇದ್ದದ್ದೂ ನಿಜ. ಆದರೆ ಕಾರಣ ಅದಲ್ಲ. ನಿನ್ನ ಮೊದಲನೆಯ ಕಾಗದ ಓದಿ ಮುಗಿಸಲು ನನಗೆ ನಾಲ್ಕು ದಿನ ಬೇಕಾಯಿತು, ಅಷ್ಟರಲ್ಲಿ ಎರಡನೆಯದು ಬಂತು. ಎರಡನ್ನೂ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ.

ಈ ಕಾಗದಕ್ಕೆ ಹನ್ನೊಂದು ದಿನ ಹಿಡಿದಿದೆ. ಹೇಳಬೇಕಾದ್ದನ್ನೆಲ್ಲ ಮೊದಲು ಫೋನಿನಲ್ಲಿ ಮಾತಾಡಿ ಇಟ್ಟುಕೊಂಡೆ. ಆಮೇಲೆ ಒಂದೊಂದು ಮಾತನ್ನೂ ಕೇಳಿಸಿಕೊಂಡು ಬರೆದೆ. ಕಾಗುಣಿತ ತಿದ್ದಿಕೊಟ್ಟವರು ನಮ್ಮ ಅಂಗಡಿಯಲ್ಲಿ ಗುಂಡಿಗೆ ಕಾಜಾ ಹೊಲಿಯುವ ಅಕ್ಕ. ‘ಏನೋ ಇದು, ಒತ್ತಕ್ಷರಕ್ಕೆಲ್ಲ ರಜಾ ಕೊಟ್ಟಿದೀಯ’ ಎಂದು ನಕ್ಕರು, ಆದರೆ ಒಂದನ್ನೂ ಬಿಡದೆ ತಿದ್ದಿದರು. ನಿನಗೆ ಫೋನು ಮಾಡಬಹುದಿತ್ತು. ಆದರೆ ಮನೆಯ ಫೋನು ಅಪ್ಪನ ಜೇಬಿನಲ್ಲಿರುತ್ತದೆ, ನಿನ್ನ ಕೈಗೆ ಬಂದರೂ ನೀನು ‘ಹ್ಞೂ, ಹ್ಞೂ’ ಬಿಟ್ಟು ಬೇರೆ ಮಾತಾಡುವುದಿಲ್ಲ.

ನನ್ನ ಕಾಗದ ಬಂದರೆ ನೀನು ಅದನ್ನು ಮರಗೆಲಸದ ಷೆಡ್ಡಿಗೆ ಒಯ್ದು, ಅಪ್ಪ ಕೀಸುಳಿ ತಳ್ಳುತ್ತಿರುವಾಗ ಗಟ್ಟಿಯಾಗಿ ಓದುತ್ತೀಯ ಎಂದು ನನಗೆ ಗೊತ್ತು. ಇದನ್ನೂ ಓದು. ಆದರೆ ಕೊನೆಯಲ್ಲಿ ನನ್ನ ಹೆಸರು ಬಂದಾಗ ನಿಲ್ಲಿಸಿಬಿಡು. ಅದರ ಕೆಳಗಿರುವುದನ್ನು ಮೊದಲು ನೀನೊಬ್ಬಳೇ ಓದಬೇಕು.

ಮೊದಲಿಗೆ ಒಂದು ತಪ್ಪೊಪ್ಪಿಗೆ. ಈ ತಿಂಗಳ ಮೂರು ಮತ್ತು ನಾಲ್ಕನೆಯ ತಾರೀಖು ನಾನು ಊರಿನಲ್ಲಿದ್ದೆ. ಮನೆಯಿಂದ ಎರಡು ಬೀದಿ ಆಚೆ, ನನ್ನ ಹಳೆಯ ಸ್ಕೂಲಿನಲ್ಲಿ. ಮಕ್ಕಳ ಸಮವಸ್ತ್ರದ ಕೆಲಸ ಈ ವರ್ಷ ನಮ್ಮ ಅಂಗಡಿಗೆ ಸಿಕ್ಕಿದೆ, ಅಳತೆ ತೆಗೆಯಲು ನಮ್ಮ ಮಾಸ್ಟರ್ ನನ್ನನ್ನೇ ಕಳಿಸಿದರು. ಎರಡು ದಿನವೂ ಸಂಜೆಯ ಬಸ್ಸಿಗೆ ವಾಪಸು ಹೊರಟುಬಿಟ್ಟೆ. ಮನೆಗೆ ಬರಲು ಸಮಯವಿರಲಿಲ್ಲವೆಂದಲ್ಲ. ಎರಡನೆಯ ದಿನ ಬಸ್ಸು ತಡವಾಗಿ, ಮುಕ್ಕಾಲು ಗಂಟೆ ನಿಲ್ದಾಣದಲ್ಲಿ ಸುಮ್ಮನೆ ಕೂತಿದ್ದೆ. ಅಪ್ಪನ ಎದುರಿಗೆ ನಿಲ್ಲುವ ಮನಸ್ಸಿರಲಿಲ್ಲ, ಅಷ್ಟೇ.

ನಾನು ಅಳತೆ ತೆಗೆಯುವ ಬಗೆ ನಿನಗೆ ಹೇಳಿಲ್ಲ. ಟೇಪು ನೋಡಿ ಪುಸ್ತಕದಲ್ಲಿ ಬರೆದುಕೊಳ್ಳುವುದು ಎಲ್ಲರ ಪದ್ಧತಿ. ನಾನು ಸೇರಿದ ಮೊದಲ ವಾರ ಹಾಗೇ ಮಾಡಿ, ಇಪ್ಪತ್ತನಾಲ್ಕನ್ನು ನಲವತ್ತೆರಡು ಎಂದು ಬರೆದೆ. ಒಂದನೇ ಕ್ಲಾಸಿನ ಮಗುವಿಗೆ ಹೆಡ್ಮಾಸ್ತರಿಗೆ ಆಗುವಂಥ ಅಂಗಿ ತಯಾರಾಯಿತು. ಮಾಸ್ಟರ್ ಅದನ್ನು ಬಾಗಿಲಿಗೆ ನೇತುಹಾಕಿ, ಬಂದವರಿಗೆಲ್ಲ ‘ನೋಡಿ, ನಮ್ಮ ಹುಡುಗ ಮುಂದಾಲೋಚನೆ ಮಾಡಿ ಕತ್ತರಿಸಿದಾನೆ’ ಎಂದು ತೋರಿಸಿದರು. ಮಾರನೆಯ ದಿನದಿಂದ ನಾನು ಬರೆಯುವುದನ್ನೇ ಬಿಟ್ಟೆ. ಒಂದೊಂದು ಮಗುವಿಗೆ ಒಂದೊಂದು ಬಟ್ಟೆಯ ಪಟ್ಟಿ. ಭುಜಕ್ಕೆ ಒಂದು ಕಚ್ಚು, ತೋಳಿಗೆ ಎರಡು, ಸೊಂಟಕ್ಕೆ ಮೂರು, ಎದೆಗೆ ಓರೆ ಕಚ್ಚು. ಪಟ್ಟಿಯನ್ನು ಬಟ್ಟೆಯ ಮೇಲೆ ಹಾಸಿ ಸೀಮೆಸುಣ್ಣದ ಗುರುತು ಹಾಕಿದರೆ ಆಯಿತು. ಮೊದಮೊದಲು ಮಾಸ್ಟರ್ ‘ಇದೇನು ಅಳತೆ ಪುಸ್ತಕವೋ ಚಿಂದಿ ಅಂಗಡಿಯೋ’ ಎಂದು ಗೊಣಗುತ್ತಿದ್ದರು. ಎರಡು ವರ್ಷದಲ್ಲಿ ನನ್ನ ಒಂದು ಬಟ್ಟೆಯೂ ವಾಪಸು ಬಂದಿಲ್ಲ. ಈಗ ಅವರೇ ಪಟ್ಟಿ ಹರಿದುಕೊಡುತ್ತಾರೆ.

ಮೊದಲ ದಿನ ಮಧ್ಯಾಹ್ನ ನಾಲ್ಕನೇ ಕ್ಲಾಸಿನ ಸರದಿ. ಮಕ್ಕಳು ಬಾಗಿಲ ಹತ್ತಿರ ಸಾಲು ನಿಂತಿದ್ದರು, ಒಳಗೆ ಪಾಠ ನಡೆಯುತ್ತಿತ್ತು. ಒಬ್ಬೊಬ್ಬರಾಗಿ ಎದ್ದು ಗಟ್ಟಿಯಾಗಿ ಓದಬೇಕು. ತಂಗಿಯ, ನಮ್ಮ ಮಿಡತೆಯ ಸರದಿ ಬಂತು. ಎಷ್ಟು ಚೆನ್ನಾಗಿ ಓದಿದಳು ಗೊತ್ತಾ, ಎಲ್ಲೂ ತಡವರಿಸಲಿಲ್ಲ. ಆದರೆ ನಾನು ನೋಡಿದ್ದು ಅವಳ ಬಾಯಿಯನ್ನಲ್ಲ, ಬೆರಳನ್ನು. ಬಾಯಿ ಪಾಠದ ಕೊನೆಗೆ ಬಂದಿತ್ತು, ಬೆರಳು ಇನ್ನೂ ಮೇಲಿನ ಚಿತ್ರದ ಹತ್ತಿರವೇ ಇತ್ತು.

ಅಮ್ಮ, ಆ ಬೆರಳು ನನ್ನದು. ಐದನೇ ಕ್ಲಾಸಿನವರೆಗೆ ನಾನೂ ಹಾಗೇ ಓದಿದ್ದು. ಪಕ್ಕದವನು ಹಿಂದಿನ ದಿನ ಓದುವುದನ್ನು ಎರಡು ಸಲ ಕೇಳಿಸಿಕೊಂಡರೆ ನನಗೆ ಬಾಯಿಪಾಠವಾಗುತ್ತಿತ್ತು. ಪುಟ ತಿರುವಬೇಕಾದ ಜಾಗವನ್ನೂ ನೆನಪಿಟ್ಟುಕೊಳ್ಳುತ್ತಿದ್ದೆ. ಒಂದು ದಿನ ನನಗೆ ಕೊಟ್ಟ ಪುಸ್ತಕದಲ್ಲಿ ನಡುವಿನ ಒಂದು ಹಾಳೆ ಹರಿದುಹೋಗಿತ್ತು. ನಾನು ಆ ಇಲ್ಲದ ಹಾಳೆಯನ್ನೂ ಎದ್ದು ನಿಂತು, ಒಂದಕ್ಷರ ಬಿಡದೆ ಓದಿದೆ. ಕ್ಲಾಸೆಲ್ಲ ನಕ್ಕಿತು. ಮೇಷ್ಟ್ರು ಮಾತ್ರ ನಗಲಿಲ್ಲ. ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಹರಿದ ಜಾಗ ನೋಡಿದರು. ಅದಾದ ಮೇಲೆ ಗಟ್ಟಿಯಾಗಿ ಓದು ಎಂದರೆ, ‘ನನಗೆ ಆಗಲ್ಲ ಸಾರ್’ ಎಂದು ನಿಂತುಬಿಡುತ್ತಿದ್ದೆ. ಸುಳ್ಳು ಓದು ಸಾಕಾಗಿತ್ತು.

ಮಿಡತೆ ನನ್ನ ಮುಂದೆ ಬಂದು ಕೈ ಅಗಲಿಸಿ ನಿಂತಳು. ಅಳತೆಯವನು ಅಣ್ಣನೇ ಎಂದು ಗೆಳತಿಯರಿಗೆ ಹೇಳಿಕೊಳ್ಳುವ ಆಸೆ ಮುಖದ ತುಂಬ ಇತ್ತು, ಆದರೆ ನಾನು ತುಟಿಗೆ ಬೆರಳಿಟ್ಟದ್ದಕ್ಕೆ ಬಾಯಿ ಬಿಡಲಿಲ್ಲ, ಮನೆಯಲ್ಲೂ ಹೇಳುವುದಿಲ್ಲವೆಂದು ಮಾತು ಕೊಟ್ಟಳು. ನಾನು ತೋಳಿನ ಕಚ್ಚು ಹಾಕುತ್ತಿರುವಾಗ ಬಗ್ಗಿ, ‘ಅಣ್ಣಾ, ನನ್ನ ಓದು ನಿಂಗೆ ಗೊತ್ತಾಗೋಯ್ತಾ?’ ಎಂದು ಪಿಸುಗುಟ್ಟಿದಳು. ಗೊತ್ತಾಯಿತು ಎಂದೆ. ಆಗ ಅವಳು ಎಲ್ಲ ಹೇಳಿದಳು. ಸ್ಕೂಲಿನಲ್ಲಿ ಓದಿನ ಕೋಣೆ ಎಂದು ಒಂದಿದೆಯಂತೆ. ಅಲ್ಲಿನ ಟೀಚರ್ ಅವಳ ಗುಟ್ಟನ್ನು ಆಗಲೇ ಕಂಡುಹಿಡಿದು, ಮನೆಗೆ ಒಂದು ಹಳದಿ ಕಾಗದ ಕಳಿಸಿದ್ದಾರಂತೆ. ಅಪ್ಪ ಅಮ್ಮ ಒಪ್ಪಿ ಸಹಿ ಮಾಡಿದರೆ ವಾರಕ್ಕೆ ನಾಲ್ಕು ದಿನ ಅಲ್ಲಿ ಪಾಠ. ಅಪ್ಪ ಅದನ್ನು ಮಡಿಸಿ ಉಳಿಗಳ ಡಬ್ಬಿಯಲ್ಲಿ ಹಾಕಿಟ್ಟು, ‘ನಿಮ್ಮಣ್ಣಂಗೂ ಇದೇ ಹಳದಿ ಕಾಗದ ಬಂದಿತ್ತು. ಸೈನ್ ಮಾಡಿದ್ದೆ. ಏನು ಉದ್ಧಾರ ಆದ ಅವ್ನು?’ ಎಂದರಂತೆ.

ನನಗೆ ಯಾವ ಕೋಣೆಯಲ್ಲೂ ಯಾರೂ ಏನೂ ಕಲಿಸಿರಲಿಲ್ಲ. ಹಾಗಾದರೆ ಅಪ್ಪ ಯಾವ ಕಾಗದಕ್ಕೆ ಸಹಿ ಮಾಡಿದ್ದರು?

ಮಾರನೆಯ ದಿನ ಕೆಲಸ ಮುಗಿಸಿ ಓದಿನ ಕೋಣೆ ಹುಡುಕಿಕೊಂಡು ಹೋದೆ. ಅದು ನಮ್ಮ ಕಾಲದಲ್ಲಿ ಮುರಿದ ಬೆಂಚುಗಳನ್ನು ತುಂಬಿಡುತ್ತಿದ್ದ ಕೋಣೆ. ಓದದಿದ್ದ ದಿನ ನನ್ನನ್ನು ಅದರ ಹೊಸಿಲ ಮೇಲೆ ನಿಲ್ಲಿಸುತ್ತಿದ್ದರು. ಈಗ ಸುಣ್ಣ ಬಳಿದು, ಎರಡು ದುಂಡು ಮೇಜು ಹಾಕಿದ್ದಾರೆ. ಒಂದು ತಟ್ಟೆಯಲ್ಲಿ ಮರಳು. ಮಗು ಅದರಲ್ಲಿ ಬೆರಳಿಂದ ಅಕ್ಷರ ತಿದ್ದುತ್ತ ಅದರ ಶಬ್ದವನ್ನು ಬಾಯಲ್ಲಿ ಹೇಳಬೇಕು. ಕಣ್ಣು, ಕೈ, ಕಿವಿ ಮೂರೂ ಒಟ್ಟಿಗೆ ಕಲಿಯಬೇಕಂತೆ. ಇಬ್ಬಿಬ್ಬರು ಮಕ್ಕಳು ಒಂದೇ ಪುಸ್ತಕವನ್ನು ಒಟ್ಟಿಗೆ ಓದುತ್ತಿದ್ದರು, ಒಬ್ಬ ನಿಂತರೆ ಇನ್ನೊಬ್ಬ ಕಾಯುತ್ತಿದ್ದ. ಯಾರೂ ನಗುತ್ತಿರಲಿಲ್ಲ. ಈ ಮಕ್ಕಳನ್ನು ಕ್ಲಾಸಿನಲ್ಲಿ ತಯಾರಿಯಿಲ್ಲದೆ ಎಬ್ಬಿಸಿ ಓದಿಸುವಂತಿಲ್ಲ. ಪರೀಕ್ಷೆಯಲ್ಲಿ ಪ್ರಶ್ನೆಗಳನ್ನು ಓದಿ ಹೇಳುತ್ತಾರೆ, ಅರ್ಧ ಗಂಟೆ ಹೆಚ್ಚು ಕೊಡುತ್ತಾರೆ. ಉತ್ತರ ಸರಿಯಿದ್ದರೆ ಕಾಗುಣಿತಕ್ಕೆ ಅಂಕ ಕಳೆಯುವುದಿಲ್ಲ.

ಟೀಚರ್ ತೆಳ್ಳಗೆ ಇದ್ದಾರೆ, ಮಾತು ನಿಧಾನ. ನಾನು ಮಿಡತೆಯ ಅಣ್ಣ ಎಂದೆ. ಈ ಸ್ಕೂಲನ್ನು ಒಂಬತ್ತನೇ ಕ್ಲಾಸಿಗೆ ಬಿಟ್ಟವನು ಎಂದೂ ಹೇಳಿದೆ. ಯಾಕೆ ಬಿಟ್ಟಿರಿ ಎಂದು ಅವರು ಕೇಳಲಿಲ್ಲ. ರಟ್ಟಿನಲ್ಲಿ ಉದ್ದಕ್ಕೆ ಸೀಳಿದ ಒಂದು ಕಿಟಕಿ, ಅದನ್ನು ಪುಟದ ಮೇಲಿಟ್ಟು ನನ್ನ ಕಡೆ ತಳ್ಳಿದರು. ಒಂದೇ ಸಾಲು ಕಾಣುತ್ತದೆ, ಉಳಿದವೆಲ್ಲ ಮುಚ್ಚಿರುತ್ತವೆ. ‘ವ’ ಮತ್ತು ‘ಮ’ ಜಾಗ ಬದಲಾಯಿಸುವುದು ನಿಲ್ಲಲಿಲ್ಲ, ಆದರೆ ಮೇಲಿನ ಸಾಲು ಕೆಳಗಿನ ಸಾಲಿನ ಮೇಲೆ ಬೀಳುವುದು ನಿಂತಿತು. ನಾಲ್ಕು ಸಾಲು ಓದಿದೆ, ಅಮ್ಮ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಹೇಳಬೇಕಾದ್ದನ್ನು ಫೋನಿನಲ್ಲಿ ಮಾತಾಡಿ ಇಟ್ಟುಕೊಂಡು ಆಮೇಲೆ ಬರೆಯುವ ಉಪಾಯವೂ ಅವರು ಹೇಳಿಕೊಟ್ಟದ್ದೇ.

ಅವರು ಹೇಳಿದ ಒಂದು ಮಾತನ್ನು ಅಪ್ಪನಿಗೆ ಎರಡು ಸಲ ಓದಿ ಹೇಳು. ‘ಇದು ಸೋಮಾರಿತನ ಅಲ್ಲ. ಬುದ್ಧಿ ಕಮ್ಮಿ ಅಂತಾನೂ ಅಲ್ಲ. ಅಕ್ಷರಾನ ಅದರ ಶಬ್ದಕ್ಕೆ ಜೋಡಿಸೋ ಕೆಲಸ ಕೆಲವರಿಗೆ ತುಂಬ ಕಷ್ಟ. ಅವರಿಗೆ ಬೇರೆ ದಾರೀಲಿ ಕಲಿಸಬೇಕು, ನಿಧಾನವಾಗಿ ಕಲಿಸಬೇಕು. ಕಲೀತಾರೆ.’ ಇದಕ್ಕೊಂದು ಹೆಸರಿದೆ, ಡಿಸ್ಲೆಕ್ಸಿಯಾ. ಓದಲಾಗದವರ ತೊಂದರೆಗೆ ಓದಲಾಗದಂಥ ಹೆಸರು ಇಟ್ಟವರು ಯಾರೋ. ಆ ಹೆಸರನ್ನು ಕಾಜಾ ಅಕ್ಕನೇ ಬರೆದುಕೊಟ್ಟರು.

ನಾನು ಸ್ಕೂಲು ಬಿಟ್ಟ ದಿನ ನಿನಗೆ ನೆನಪಿರಬೇಕು. ಅಪ್ಪ ಅಂಕಪಟ್ಟಿಯನ್ನು ನಿನ್ನ ಕೈಗೆ ಕೊಟ್ಟು, ನೀನು ಓದಿದ್ದನ್ನು ಕೇಳಿ, ನನ್ನ ಕಡೆ ತಿರುಗಿದರು. ‘ಓದೋಕೆ ಮನಸ್ಸಿಲ್ಲ ಅನ್ನು, ಒಪ್ಕೋತೀನಿ. ಆಗಲ್ಲ ಅನ್ಬೇಡ. ಸ್ಕೂಲಿನೋರು ಅಷ್ಟು ಮಾಡಿದ ಮೇಲೂ ಆಗಲ್ಲ ಅಂದ್ರೆ ಅದು ಸುಳ್ಳು.’ ಮನಸ್ಸಿಲ್ಲ ಎಂದಿದ್ದರೆ ನಾಲ್ಕು ಬೈಗುಳಕ್ಕೆ ಮುಗಿಯುತ್ತಿತ್ತು, ಮಾರನೆಯ ದಿನ ಮತ್ತೆ ಸ್ಕೂಲಿಗೆ ಹೋಗುತ್ತಿದ್ದೆ. ನಾನು ‘ಆಗಲ್ಲ’ ಎಂದೆ. ಅವರು ಮೂರು ಸಲ ಕೇಳಿದರು, ನಾನೂ ಮೂರು ಸಲ ಅದನ್ನೇ ಹೇಳಿದೆ. ಆಮೇಲೆ ನಡೆದದ್ದನ್ನು ಬರೆಯುವುದಿಲ್ಲ. ಅಪ್ಪನ ಅಳತೆಕೋಲು ಎರಡಾಯಿತು, ಅಷ್ಟೇ. ಎಲ್ಲೂ ನಿಲ್ಲದ ನನ್ನ ಕಾಲು ಅಂದಿನಿಂದ ಇನ್ನೂ ನಿಲ್ಲದಾಯಿತು. ಅಪ್ಪನ ಷೆಡ್ಡು, ಸೈಕಲ್ ಅಂಗಡಿ, ಬೇಕರಿ, ಈಗ ಹೊಲಿಗೆ. ಬುಗುರಿ ಎಂದು ಸುಮ್ಮನೆ ಹೆಸರಿಡಲಿಲ್ಲ ನೀನು.

ನನ್ನ ವಿಷಯ ಸಾಕು. ಕೇಳಬೇಕಾದ್ದು ಒಂದೇ. ಮಿಡತೆಯ ಹಳದಿ ಕಾಗದ ಈ ತಿಂಗಳ ಮೂವತ್ತೊಂದರೊಳಗೆ ಸ್ಕೂಲು ಸೇರಬೇಕು. ಆ ಕೋಣೆಯಲ್ಲಿ ಹನ್ನೆರಡು ಮಕ್ಕಳಿಗೆ ಮಾತ್ರ ಜಾಗ, ತಪ್ಪಿದರೆ ಬರುವ ವರ್ಷ. ಬರುವ ವರ್ಷ ಅವಳಿಗೆ ಐದನೇ ಕ್ಲಾಸು. ಪಾಠ ಉದ್ದವಾಗುತ್ತದೆ, ಬಾಯಿಪಾಠ ಸಾಲುವುದಿಲ್ಲ. ಯಾವುದೋ ಒಂದು ದಿನ ಅವಳ ಪುಸ್ತಕದಲ್ಲೂ ಒಂದು ಹಾಳೆ ಇರುವುದಿಲ್ಲ.

ಆ ಕಾಗದದಲ್ಲಿ ಸಹಿ ಮಾಡಲು ಎರಡು ಗೆರೆಗಳಿವೆ. ಮೇಲಿನ ಗೆರೆ ‘ಒಪ್ಪಿಗೆ ಇದೆ’ ಎನ್ನುವವರಿಗೆ. ಕೆಳಗಿನದು ‘ಒಪ್ಪಿಗೆ ಇಲ್ಲ’ ಎನ್ನುವವರಿಗೆ. ಸಹಿ ಮೇಲಿನ ಗೆರೆಯಲ್ಲಿ ಆಗಬೇಕು, ಅಮ್ಮ. ಮೇಲಿನ ಗೆರೆಯಲ್ಲಿ. ನೀನೇ ಬೆರಳಿಟ್ಟು ತೋರಿಸು.

ಮಿಡತೆಗೆ ನನ್ನ ಮುದ್ದು. ಅವಳ ಲಂಗದ ಮಡಿಕೆಯಲ್ಲಿ ಎರಡು ಬೆರಳು ಹೆಚ್ಚು ಬಟ್ಟೆ ಬಿಟ್ಟಿದ್ದೇನೆ, ಆ ಕಾಲುಗಳನ್ನು ನಂಬುವಂತಿಲ್ಲ. ಅವಳು ನೂರು ವರ್ಷ ಬಾಳಲಿ, ನೂರು ಪುಸ್ತಕ ಓದಲಿ. ನೂರು ಹೆಚ್ಚಾದರೆ ಒಂದು. ನಿನ್ನ ಆಶೀರ್ವಾದ ನನ್ನ ಮೇಲಿರಲಿ. ಅಪ್ಪನಿಗೂ ನನ್ನ ನಮಸ್ಕಾರ ಹೇಳು. ಈ ಮಾತನ್ನು ಮೂರು ವರ್ಷದಿಂದ ಯಾವ ಕಾಗದದಲ್ಲೂ ಬರೆದಿರಲಿಲ್ಲ. ಈಗ ಯೋಚನೆ ಮಾಡಿಯೇ ಬರೆಯುತ್ತಿದ್ದೇನೆ.

ಇಂತಿ ನಿನ್ನ ಮಗ,
ಬುಗುರಿ

ಮರೆತ ಮಾತು: ಮರೆತದ್ದಲ್ಲ. ಮೇಲೆ ಬರೆಯಲು ಆಗಲಿಲ್ಲ. ಇಲ್ಲಿಂದ ಮುಂದಿನದನ್ನು ಕಾಜಾ ಅಕ್ಕನಿಗೆ ತೋರಿಸಿಲ್ಲ. ತಪ್ಪಿದ್ದರೆ ನೀನೇ ಸರಿಮಾಡಿಕೊಂಡು ಓದು.

ಓದಿನ ಕೋಣೆಯ ಟೀಚರ್ ಹತ್ತಿರ ನಾನು ಜಗಳಕ್ಕೇ ನಿಂತೆ. ನಮ್ಮಪ್ಪ ಸಹಿ ಮಾಡಿದ್ದರಂತೆ, ನನಗೆ ಯಾಕೆ ಯಾರೂ ಕಲಿಸಲಿಲ್ಲ ಎಂದು ಕೇಳಿದೆ. ಅವರು ಗುಮಾಸ್ತರಿಗೆ ಹೇಳಿ ಹಳೆಯ ಕಡತ ತೆಗೆಸಿದರು. ನನ್ನ ಹೆಸರಿನ ಹಳದಿ ಕಾಗದ ಅದರಲ್ಲಿತ್ತು. ಒಂಬತ್ತು ವರ್ಷ ಹಿಂದಿನದು. ಇಲ್ಲದ ಹಾಳೆ ಓದಿದೆನಲ್ಲ, ಆ ಮೇಷ್ಟ್ರೇ ಬರೆದು ಕಳಿಸಿದ್ದರು. ಆಗ ಬೇರೆ ಸ್ಕೂಲಿನಿಂದ ವಾರಕ್ಕೆರಡು ದಿನ ಒಬ್ಬ ಟೀಚರ್ ಬರುತ್ತಿದ್ದರಂತೆ.

ಅಪ್ಪನ ಸಹಿ ಇದೆ. ಆ ದೊಡ್ಡ ಸುರುಳಿ ಹಾಕಿ ಎಳೆಯುತ್ತಾರಲ್ಲ, ಅದೇ. ಕೆಳಗಿನ ಗೆರೆಯಲ್ಲಿ.

ಅದರ ಪಕ್ಕದಲ್ಲಿ ಆಗಿನ ಗುಮಾಸ್ತರು ಸಣ್ಣಗೆ ಬರೆದಿದ್ದಾರೆ. ಟೀಚರ್ ಅದನ್ನು ಓದಿ ಹೇಳಿದರು. ‘ತಂದೆ ಬಂದಿದ್ದರು. ಕನ್ನಡಕ ತಂದಿಲ್ಲ ಎಂದರು. ಸಹಿ ಪಡೆಯಲಾಗಿದೆ.’

ಅಮ್ಮ, ಆಗ ಅಪ್ಪನಿಗೆ ಮೂವತ್ತಾರು ವರ್ಷ. ಅವರ ಹತ್ತಿರ ಕನ್ನಡಕವೇ ಇರಲಿಲ್ಲ.

ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯಾ, ಇದು ಎಷ್ಟೋ ಸಲ ವಂಶದಲ್ಲಿ ಬರುತ್ತದೆ ಎಂದು ಟೀಚರ್ ಕೇಳಿದರು. ಇಲ್ಲ ಎಂದುಬಿಟ್ಟೆ. ಬಸ್ ನಿಲ್ದಾಣದಲ್ಲಿ ಆ ಮುಕ್ಕಾಲು ಗಂಟೆ ಕೂತಾಗ ಒಂದೊಂದಾಗಿ ನೆನಪಾಯಿತು. ಬೆಳಿಗ್ಗೆ ಪೇಪರು ನೀನೇ ಓದಬೇಕು, ‘ನಿನ್ನ ಬಾಯಲ್ಲಿ ಕೇಳಿದ್ರೇ ಸುದ್ದಿ’ ಎನ್ನುತ್ತಾರೆ. ಬಾಗಿಲು, ಮಂಚ ಮಾಡಿಸುವವರು ಹಲಗೆಯ ಮೇಲೆ ಚಿತ್ರ ಬರೆದುಕೊಡಬೇಕು. ಟೇಪು ಮುಟ್ಟುವುದಿಲ್ಲ, ಕೋಲಿಗೆ ಕಚ್ಚು ಹಾಕಿ ಅಳೆಯುತ್ತಾರೆ. ನನ್ನ ಬಟ್ಟೆಯ ಪಟ್ಟಿ ನನ್ನದೇ ಬುದ್ಧಿ ಎಂದುಕೊಂಡಿದ್ದೆ. ಎಲ್ಲಿ ಯಾವ ಕಾಗದ ಕೊಟ್ಟರೂ ತೀರ ಕೆಳಗೆ ಸಹಿ ಮಾಡುತ್ತಾರೆ, ಏಕೆಂದರೆ ಎಲ್ಲ ಕಾಗದಗಳಿಗೂ ಸಹಿ ಕೆಳಗೇ ಇರುತ್ತದೆ.

ಆಮೇಲೆ ಅಪ್ಪ ಸಹಿ ಮಾಡಿದ ಆ ದಿನವೂ ನೆನಪಾಯಿತು. ಅದು ಮಿಡತೆ ಹುಟ್ಟಿದ ವಾರ, ನೀನು ಆಸ್ಪತ್ರೆಯಲ್ಲಿದ್ದೆ. ನೀನು ಮನೆಯಲ್ಲಿದ್ದಿದ್ದರೆ ಕಾಗದ ನಿನ್ನ ಕೈಗೆ ಬರುತ್ತಿತ್ತು. ಸ್ಕೂಲಿನಿಂದ ಆಸ್ಪತ್ರೆಗೆ ಅಪ್ಪ ನನ್ನನ್ನು ಹೆಗಲ ಮೇಲೆ ಕೈಹಾಕಿ ನಡೆಸಿಕೊಂಡು ಬಂದರು. ದಾರಿಯಲ್ಲಿ, ‘ಮೇಷ್ಟ್ರು ಎಲ್ಲ ಹೇಳಿದ್ರು ಕಣೋ. ನಿಂಗೆ ಅಂತ ಒಬ್ರು ಟೀಚರ್ ಬರ್ತಾರೆ. ಸೈನ್ ಮಾಡಿದೀನಿ. ಇನ್ಮೇಲೆ ಎಲ್ಲ ಸರಿಹೋಗುತ್ತೆ, ಹೆದರ್ಬೇಡ’ ಎಂದರು. ಅಷ್ಟು ಮೆತ್ತಗೆ ಅವರು ನನ್ನ ಹತ್ತಿರ ಮಾತಾಡಿದ್ದು ಅದೇ ಕೊನೆ. ಯಾವ ಟೀಚರೂ ಬರಲಿಲ್ಲ, ಓದಿಸುವವರು ಒಬ್ಬರು ಕಡಿಮೆಯಾದರಲ್ಲ ಎಂದು ನಾನೂ ಬಾಯಿ ಬಿಡಲಿಲ್ಲ. ಅಪ್ಪ ನಾಲ್ಕು ವರ್ಷ ಕಾದರು. ಸ್ಕೂಲಿನವರು ಕಲಿಸುತ್ತಿದ್ದಾರೆ, ಮಗ ಕಲಿಯುತ್ತಿಲ್ಲ ಎಂದುಕೊಂಡರು. ಕೋಲು ಮುರಿದದ್ದು ಅದಕ್ಕೆ.

ನಿನಗೆ ಗೊತ್ತಿತ್ತು, ಅಮ್ಮ. ಸಹಿಯ ವಿಷಯ ಗೊತ್ತಿರಲಿಲ್ಲ, ಅವರಿಗೆ ಓದು ಬರುವುದಿಲ್ಲ ಎನ್ನುವುದು ಗೊತ್ತಿತ್ತು. ನನಗೆ ಏಟು ಬೀಳುವಾಗ ನೀನು ಬಾಗಿಲಲ್ಲಿ ನಿಂತು ಅವರ ಮಾನ ಕಾಯುತ್ತಿದ್ದೆ. ನಿನ್ನ ಮೇಲೆ ಕೋಪವಿಲ್ಲ ಎಂದು ಬರೆಯಲು ಎರಡು ದಿನ ಪ್ರಯತ್ನಪಟ್ಟೆ. ಇದೆ. ಕಡಿಮೆಯಾಗುತ್ತದೆ, ಆದರೆ ಇವತ್ತು ಇದೆ.

ಈ ಕೆಳಗಿನ ಭಾಗವನ್ನು ಅಪ್ಪನಿಗೆ ಓದಿ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ಓದದಿದ್ದರೆ, ಹಿಂದೆ ಸಹಿ ಮಾಡಿ ಏನೂ ಆಗಲಿಲ್ಲ ಎಂದೇ ಅವರು ನಂಬಿಕೊಂಡಿರುತ್ತಾರೆ, ಮಿಡತೆಯ ಕಾಗದ ಡಬ್ಬಿಯಲ್ಲೇ ಉಳಿಯುತ್ತದೆ. ಓದಿದರೆ ಅವರು ಎಷ್ಟು ದಿನ ಊಟ ಬಿಡುತ್ತಾರೋ ನನಗೆ ಗೊತ್ತಿಲ್ಲ. ಮೂವತ್ತೊಂದು ಬಂದರೂ ಅವರು ಒಪ್ಪದಿದ್ದರೆ ನೀನೇ ಸಹಿ ಮಾಡು. ಆದರೆ ಅದಕ್ಕೆ ಮೊದಲು ಆ ಹಳದಿ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಅವರಿಗೆ ಓದಿ ಹೇಳು. ಒಂಬತ್ತು ವರ್ಷದ ಹಿಂದೆ ಅದನ್ನು ಯಾರೂ ಅವರಿಗೆ ಓದಿ ಹೇಳಲಿಲ್ಲ.

ಲಕೋಟೆಯಲ್ಲಿ ಒಂದು ಬಟ್ಟೆಯ ಪಟ್ಟಿ ಇಟ್ಟಿದ್ದೇನೆ. ಮಿಡತೆಯದು. ಅದನ್ನು ಅಪ್ಪನ ಕೈಗೆ ಕೊಡು. ಏನೂ ಹೇಳಬೇಡ. ಭುಜ ಯಾವುದು, ತೋಳು ಯಾವುದು, ಮಗಳು ಎಷ್ಟು ಬೆಳೆದಿದ್ದಾಳೆ ಎನ್ನುವುದನ್ನು ಅವರೇ ಓದಿಕೊಳ್ಳುತ್ತಾರೆ.